ಎಡಗಣ್ಣಿಗೆ ಬಂದ ಗ್ರೀಕ್ ಪದ

ನನ್ನ ಭಾವನವರು ಮೂವತ್ತು ವರ್ಷ ಇಂಗ್ಲಿಷ್ ಉಪನ್ಯಾಸಕರಾಗಿದ್ದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವರಿಗೆ ಇಂಗ್ಲಿಷ್ ಗೊತ್ತಿತ್ತು ಎಂಬುದನ್ನು ಅಲ್ಲಗಳೆಯುತ್ತೇನೆ. ಅವರು ಈಗ ಇಲ್ಲ. ಇಲ್ಲದವರ ಮೇಲೆ ಹೀಗೆ ಬರೆಯಬಾರದೆಂದು ನನ್ನ ಅಕ್ಕ ಹೇಳುತ್ತಾಳೆ. ಅವರು ಇದ್ದಾಗಲೂ ನಾನು ಇದನ್ನೇ ಹೇಳಿದ್ದೆ, ಅವರದೇ ಮನೆಯಲ್ಲಿ, ಅವರು ಬಡಿಸಿದ ಊಟ ಮಾಡುತ್ತ. ಆದ್ದರಿಂದ ನಾನು ಹೊಸದಾಗಿ ಮಾಡುತ್ತಿರುವ ತಪ್ಪೇನೂ ಇಲ್ಲ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾದವನು. ಮೊದಲು ತುಮಕೂರಿನ ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ, ಆಮೇಲೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗ್ರೈಂಡರ್ ಆಗಿದ್ದೆ. ಮೊಂಡಾದ ಡ್ರಿಲ್ಲುಗಳಿಗೂ ಕಟರುಗಳಿಗೂ ಸಾಣೆ ಹಿಡಿದು ಮತ್ತೆ ಅಂಚು ಕೊಡುವುದು ನನ್ನ ಕೆಲಸ. ಇಂಗ್ಲಿಷನ್ನು ನಾನು ಯಂತ್ರಗಳ ಜೊತೆ ಬರುತ್ತಿದ್ದ ಕೈಪಿಡಿಗಳಿಂದ ಕಲಿತೆ. ಒಂದು ಹಳೆಯ ನಿಘಂಟನ್ನು ಊಟದ ಡಬ್ಬಿಯ ಜೊತೆ ಇಟ್ಟುಕೊಂಡು ಗುಬ್ಬಿಯಿಂದ ಹೋಗಿಬರುತ್ತಿದ್ದೆ. ಯಾರೂ ಕಲಿಸದೆ ಕಲಿತವನಿಗೆ ಒಂದು ಚಟ ಹತ್ತುತ್ತದೆ; ಯಾರು ಏನು ಹೇಳಿದರೂ ಅದನ್ನು ಎಲ್ಲಿಂದ ತಂದಿರೆಂದು ಕೇಳುವ ಚಟ. ಭಾವನವರು ಅದನ್ನು ‘ಕಾರ್ಖಾನೆ ಪಾಂಡಿತ್ಯ’ ಎಂದು ಕರೆಯುತ್ತಿದ್ದರು.

ಈ ಬರಹ ಒಂದು ಪದದ ಬಗ್ಗೆ. ಆಂಬ್ಲಿಯೋಪಿಯ. ತೊಂಬತ್ತರ ದಶಕದ ನಡುವೆ ಒಂದು ಸಂಕ್ರಾಂತಿ ಕಳೆದ ಮೇಲೆ ಅದು ನಮ್ಮ ಮನೆಗೆ ಬಂತು. ನನ್ನ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೆವು. ಅವಳ ಮಗಳಿಗೆ ಆಗ ಐದೂವರೆ ವರ್ಷ. ಶಾಲೆಯಲ್ಲಿ ಮಕ್ಕಳ ಕಣ್ಣು ನೋಡಲು ಬಂದವರು ಒಂದೊಂದೇ ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದರಂತೆ. ಬಲಗಣ್ಣು ಮುಚ್ಚಿಸಿದಾಗ ಮಗು, “ಬೋರ್ಡು ತೆಗ್ದುಬುಟ್ರು ಮಿಸ್” ಎಂದಿತಂತೆ. ಬೋರ್ಡು ಅಲ್ಲೇ ಇತ್ತು.

ಮಗಳು ಮಗುವನ್ನು ತುಮಕೂರಿಗೆ ಕರೆತಂದಳು. ನಾನು ಗುಬ್ಬಿಯಿಂದ ಹೋಗಿ ಜೊತೆಯಾದೆ. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಗೋಡೆಯ ಮೇಲೆ ಏಳು ಸಾಲಿನ ಹಲಗೆ. ಅಕ್ಷರ ಬಾರದ ಮಕ್ಕಳಿಗೆಂದು ಮೂರು ಕಾಲಿನ ಒಂದೇ ಆಕಾರವನ್ನು ಅತ್ತ ಇತ್ತ ತಿರುಗಿಸಿ ಬರೆದದ್ದು. ಕಾಲು ಯಾವ ಕಡೆಗಿದೆ ಎಂದು ಮಗು ಬೆರಳಿನಲ್ಲಿ ತೋರಿಸಬೇಕು. ಬಲಗಣ್ಣಿನಲ್ಲಿ ಏಳೂ ಸಾಲು ತೋರಿಸಿದಳು. ಎಡಗಣ್ಣಿನಲ್ಲಿ ಮೊದಲನೆಯ ಸಾಲಿನ ಒಂದೇ ಒಂದು ದೊಡ್ಡ ಆಕಾರವನ್ನು ತೋರಿಸಿದಳು, ಅದೂ ತಪ್ಪು.

“ಎಡಗಣ್ಣಿಗೆ ಹುಟ್ಟಿದಾಗಿಂದ ನಂಬರ್ ಇದೆ. ಕನ್ನಡಕ ಇಲ್ದೆ ಮಸುಕಾಗೇ ನೋಡ್ಕೊಂಡು ಬಂದಿದೆ. ಹಂಗಾಗಿ ಮಿದುಳು ಆ ಕಣ್ಣನ್ನ ಕೈಬಿಟ್ಟಿದೆ” ಎಂದರು ಡಾಕ್ಟರು, ಬರೆಯುತ್ತಲೇ. “ಕನ್ನಡಕ ಹಾಕಿ. ಒಳ್ಳೆ ಕಣ್ಣು ಮುಚ್ಚಿ, ದಿನಕ್ಕೆ ಆರು ಗಂಟೆ. ಏಳೆಂಟು ವರ್ಷದೊಳಗೆ ಸರಿ ಮಾಡ್ಕೋಬೇಕು, ಆಮೇಲೆ ಕಷ್ಟ. ಮೂರು ತಿಂಗಳು ಬಿಟ್ಟು ಬನ್ನಿ.”

ಅಂಟಿಸುವ ಪಟ್ಟಿಯೊಂದನ್ನು ತೆಗೆದು ಮಗುವಿನ ಬಲಗಣ್ಣಿಗೆ ಹಚ್ಚಿ ತೋರಿಸಿದರು. ಮತ್ತೆ ಕಿತ್ತು ಮಗಳ ಕೈಗೆ ಕೊಟ್ಟರು.

“ಕಾಯಿಲೆ ಹೆಸರೇನು ಡಾಕ್ಟ್ರೇ?” ಎಂದೆ.

“ಬರ್ದಿದೀನಲ್ಲ” ಎಂದು ಪೆನ್ನಿನ ತುದಿಯಿಂದ ಚೀಟಿ ತೋರಿಸಿದರು. ಅಲ್ಲಿಗೆ ನಮ್ಮ ಸರದಿ ಮುಗಿಯಿತು.

ಬಾಗಿಲಲ್ಲಿ ಹೆಸರು ಕೂಗುತ್ತಿದ್ದವನು ಚೀಟಿ ನೋಡಿ, “ಲೇಜಿ ಐ ಕಣ್ರೀ. ಸೋಮಾರಿ ಕಣ್ಣು. ಭಯ ಬೀಳ್ಬೇಡಿ” ಎಂದ. ಡಾಕ್ಟರ ಇಂಗ್ಲಿಷ್ ಚೀಟಿಯಲ್ಲೇ ಉಳಿಯಿತು. ಬಾಗಿಲು ಕಾಯುವವನ ಕನ್ನಡ ಕುಣಿಗಲ್ಲಿಗೆ ಹೋಯಿತು.

ಅಂದು ಮಧ್ಯಾಹ್ನ ಊಟಕ್ಕೆ ಅಕ್ಕನ ಮನೆಗೆ ಹೋದೆವು. ಭಾವನವರು ಚೀಟಿಯನ್ನು ತೋಳುದ್ದ ದೂರ ಹಿಡಿದು ಓದಿ, ಪಾಠ ಮಾಡುವ ದನಿ ತೆಗೆದರು.

“ಆಂಬಲ್ ಅಂದ್ರೆ ಏನು ಗೊತ್ತೇನಯ್ಯ? ಕುದುರೆ ಓಡ್ದೆ ಮೆಲ್ಲಗೆ ಹೆಜ್ಜೆ ಹಾಕೋದು. ಓಪಿಯ ಅಂದ್ರೆ ಕಣ್ಣು. ಅಡ್ಡಾಡೋ ಕಣ್ಣು! ಅದಕ್ಕೇ ಲೇಜಿ ಅನ್ನೋದು. ನೋಡು, ಎಷ್ಟು ಚೆನ್ನಾಗಿ ಕೂಡತ್ತೆ.”

“ಚೆನ್ನಾಗಿ ಕೂಡತ್ತೆ ಅಂದ್ರೆ ನಿಜ ಅಂತಲಾ ಭಾವ?”

“ನಿನ್ ಸಾಣೆಕಲ್ಲಲ್ಲಿ ಇದೆಲ್ಲ ಸಿಗಲ್ಲ ಬಿಡಯ್ಯ. ಊಟ ಮಾಡು.”

ನಾನು ಊಟ ಮಾಡಲಿಲ್ಲ ಎಂದು ಅಕ್ಕ ಇವತ್ತಿಗೂ ಆರೋಪಿಸುತ್ತಾಳೆ. ಊಟ ಮಾಡಿದೆ, ರುಚಿ ನೋಡಲಿಲ್ಲ ಅಷ್ಟೆ. ಮೆಲ್ಲಗೆ ನಡೆಯುವ ಕುದುರೆ ತಡವಾಗಿಯಾದರೂ ಊರು ಸೇರುತ್ತದೆ. ಈ ಕಣ್ಣು ಮೊದಲನೆಯ ಸಾಲಿಗೂ ಹೋಗಿ ಸೇರಿರಲಿಲ್ಲ. ಅಲ್ಲದೆ ಆ ಪದದ ಬರವಣಿಗೆಯನ್ನು ನೋಡಿದರೆ ನನಗೆ ಹೈಡ್ರಾಲಿಕ್ ಮುಂತಾದ ಕೈಪಿಡಿಯ ಪದಗಳ ನೆನಪಾಗುತ್ತಿತ್ತು. ಅಂಥವು ಬಹುಪಾಲು ಗ್ರೀಕ್ ಮನೆತನದವು ಎಂದು ನಾನು ಕಂಡುಕೊಂಡಿದ್ದೆ. ಕುದುರೆಯ ನಡಿಗೆಗೂ ಗ್ರೀಕಿಗೂ ನೆಂಟಸ್ತನ ಇದ್ದಂತೆ ತೋರಲಿಲ್ಲ.

ಮರುವಾರ ತುಮಕೂರಿನ ಗ್ರಂಥಾಲಯಕ್ಕೆ ಹೋದೆ. ನಿಘಂಟು ಎರಡು ದಪ್ಪ ಸಂಪುಟಗಳಲ್ಲಿತ್ತು. ತೆಗೆದುಕೊಡುವ ಗುಮಾಸ್ತ ನನ್ನ ಚಪ್ಪಲಿಯಿಂದ ಹಿಡಿದು ಕನ್ನಡಕದವರೆಗೆ ನೋಡಿ, “ಕೆಲ್ಸದ ಅರ್ಜಿ ಬರಿಯೋದು ಆ ಕಡೆ ಟೇಬಲ್ಲು” ಎಂದ. ನಾನು ನಿಘಂಟೇ ಬೇಕೆಂದೆ. ನಿಲ್ಲಿಸಿಕೊಂಡೇ ಕೊಟ್ಟ.

ಅಲ್ಲಿ ಇದ್ದದ್ದು ಇಷ್ಟು. ಗ್ರೀಕಿನಲ್ಲಿ ಆಂಬ್ಲಿಸ್ ಎಂದರೆ ಮೊಂಡಾದದ್ದು, ಅಂಚು ಹೋದದ್ದು. ಓಪ್ಸ್ ಎಂದರೆ ಕಣ್ಣು. ಎರಡೂ ಸೇರಿ ಆ ಭಾಷೆಯವರಿಗೆ ಮಬ್ಬುನೋಟ ಎಂದಾಯಿತು. ಅಲ್ಲಿಂದ ವೈದ್ಯರ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ಇಂಗ್ಲಿಷಿಗೆ. ಹಿಂದೆ ಯಾವ ಕಾರಣಕ್ಕೆ ನೋಟ ಮಂದವಾದರೂ ಇದೇ ಹೆಸರು. ಆಮೇಲೆ ಕಣ್ಣುಗುಡ್ಡೆಯಲ್ಲಿ ನೋಡಿದರೆ ಏನೂ ಕೆಟ್ಟಿಲ್ಲ, ಆದರೂ ಕಾಣುತ್ತಿಲ್ಲ ಎಂಬಂಥ ಮಸುಕಿಗೆ ಮಾತ್ರ ಉಳಿಯಿತು. ಭಾವನವರ ಕುದುರೆಯನ್ನೂ ಹುಡುಕಿದೆ. ಅದು ಲ್ಯಾಟಿನ್ನಿನ ನಡೆಯುವ ಕ್ರಿಯೆಯಿಂದ ಬಂದದ್ದು. ಆಂಬುಲೆನ್ಸು ಅದರ ದಾಯಾದಿ. ಮೊಮ್ಮಗಳ ಕಣ್ಣಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಸಂಪುಟ ಕೈಯಲ್ಲಿದ್ದುದರಿಂದ ಅದೇ ಬಾಲದ ಬೇರೆ ಪದಗಳನ್ನೂ ನೋಡಿದೆ. ದೂರದ್ದು ಕಾಣದವರ ಮಯೋಪಿಯಕ್ಕೆ ಮೂಲದಲ್ಲಿ ಕಣ್ಣು ಕಿರಿದು ಮಾಡುವುದು ಎಂದರ್ಥ. ಹತ್ತಿರದ್ದು ಕಾಣದ ನನ್ನಂಥವರ ಪ್ರೆಸ್‌ಬಯೋಪಿಯಕ್ಕೆ ಮುದುಕರ ಕಣ್ಣು ಎಂದು. ಗ್ರೀಕರು ಮುಲಾಜಿಲ್ಲದ ಜನ.

ಬರೆದುಕೊಂಡು ಹೊರಗೆ ಬಂದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಗುಬ್ಬಿ ಸೇರುವ ಹೊತ್ತಿಗೆ ಆ ಸಂತೋಷ ಹೋಗಿತ್ತು. ಮೊಂಡು ಎನ್ನುವುದು ನನ್ನ ಕಸುಬಿನ ಮಾತು. ಆ ಮಾತನ್ನು ನನಗೆ ಗ್ರೀಕರು ಕಲಿಸಬೇಕಾಗಿಲ್ಲ. ಡ್ರಿಲ್ಲು ಮೊಂಡಾಗುವುದು ಕೆಲಸ ಮಾಡಿ ಮಾಡಿ. ಈ ಕಣ್ಣು ಒಂದು ದಿನವೂ ಕೆಲಸ ಮಾಡಿರಲಿಲ್ಲ. ದುಡಿದು ಸವೆದದ್ದನ್ನೂ ದುಡಿಯಲು ಬಿಡದೆ ಇಟ್ಟದ್ದನ್ನೂ ಒಂದೇ ಹೆಸರಿನಿಂದ ಕರೆದವರು ಯಾರೇ ಆಗಲಿ, ಸಾಣೆಕಲ್ಲಿನ ಮುಂದೆ ನಿಂತವರಲ್ಲ. ಬಾಗಿಲು ಕಾಯುವವನ ಸೋಮಾರಿ ಎಂಬ ಮಾತು ಇದಕ್ಕಿಂತ ಕೆಟ್ಟದ್ದು. ಸೋಮಾರಿಗೆ ಕೆಲಸ ಕೊಟ್ಟಿರುತ್ತಾರೆ, ಅವನು ಮಾಡುವುದಿಲ್ಲ. ಈ ಕಣ್ಣಿಗೆ ಕೆಲಸವನ್ನೇ ಕೊಟ್ಟಿರಲಿಲ್ಲ. ಪಕ್ಕದ ಕಣ್ಣು ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತಿತ್ತು.

ಇಷ್ಟನ್ನು ನಾನು ಫೆಬ್ರವರಿಯಲ್ಲೇ ಅರ್ಥ ಮಾಡಿಕೊಂಡಿದ್ದೆ. ಅರ್ಥ ಮಾಡಿಕೊಂಡು ಕುಣಿಗಲ್ಲಿನ ಬಸ್ಸು ಹತ್ತಲಿಲ್ಲ. ತುಮಕೂರಿನ ಬಸ್ಸು ಹತ್ತಿ ಭಾವನವರ ಮನೆಗೆ ಹೋದೆ. ಒಂದು ಸಲವಲ್ಲ, ಮೂರು ಭಾನುವಾರ.

ಮೊದಲನೆಯ ಭಾನುವಾರ ಅವರು ನನ್ನ ಹಾಳೆಯನ್ನು ನೋಡಲಿಲ್ಲ. ಎರಡನೆಯ ಭಾನುವಾರ ನೋಡಿ, ನಾನು ನಕಲು ಮಾಡುವಾಗ ತಪ್ಪಿರಬೇಕೆಂದರು. ಮೂರನೆಯ ಭಾನುವಾರ ನನ್ನದೇ ಕತ್ತಿಯನ್ನು ನನ್ನ ಮೇಲೆ ಬೀಸಿದರು.

“ನಿಘಂಟು ಬರೆಯೋರೂ ನಮ್ಮಂಥ ಮನುಷ್ಯರೇ ಅಲ್ವೇನಯ್ಯ? ಪುಸ್ತಕದಲ್ಲಿದೆ ಅಂತ ನಂಬ್ಬಾರ್ದು ಅಂತ ಊರಿಗೆಲ್ಲ ಸಾರೋನು ನೀನೇ. ಇವತ್ತೇನು, ನಿಘಂಟಿಗೆ ದೀಕ್ಷೆ ತಗೊಂಡ್ಯಾ?”

“ನಂಬ್ದೆ ಇರೋದಕ್ಕೂ ಕಾರಣ ಬೇಕು ಭಾವ. ನಿಮ್ಮ ಕುದುರೆಗೆ ಏನು ಕಾರಣ?”

“ಮೂವತ್ತು ವರ್ಷ ಪಾಠ ಮಾಡಿದೀನಿ, ಅದೇ ಕಾರಣ.”

“ಮೂವತ್ತು ವರ್ಷದ ಹುಡುಗ್ರು ಪಾಪ.”

ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ಇಬ್ರೂ ಆಯ್ತಾ? ಮಗು ಕಣ್ಣು ಈಗ ಹೆಂಗಿದ್ಯಂತೆ?”

ಭಾವನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ನಾವು ಸರಿಸಮನಾದ ವಿದ್ವಾಂಸರಾಗಿದ್ದೆವು.

ಏಪ್ರಿಲ್‌ನಲ್ಲಿ ಮಗಳು ಮಗುವನ್ನು ಮತ್ತೆ ಕರೆತಂದಳು. ಮಗು ಹೊಸ ಕನ್ನಡಕ ಹಾಕಿಕೊಂಡು, ಹಲಗೆಯ ಮುಂದೆ ಕುಳಿತು, ಎಡಗಣ್ಣಿನಲ್ಲಿ ಮೊದಲನೆಯ ಸಾಲನ್ನು ತೋರಿಸಿತು. ಈ ಸಲ ಸರಿಯಾಗಿ. ಎರಡನೆಯ ಸಾಲಿಗೆ ಬೆರಳು ಎತ್ತಲೇ ಇಲ್ಲ.

“ಕಟ್ಟಿದ್ರಾ?” ಎಂದರು ಡಾಕ್ಟರು.

“ಒಂದಿನಾನೂ ತಪ್ಪಿಸಿಲ್ಲ ಸರ್” ಎಂದಳು ಮಗಳು. “ನೀವು ಆರು ಗಂಟೆ ಅಂದ್ರಿ. ನಾವು ಒಂಬತ್ತು ಗಂಟೆ ಇಡ್ತೀವಿ.”

ಡಾಕ್ಟರು ಮುಖ ಕಿವಿಚಿದರು. “ಹಂಗಿದ್ರೂ ಬರ್ಲಿಲ್ಲ ಅಂದ್ರೆ ಕಷ್ಟ. ಕೆಲವರಿಗೆ ಬರೋದಿಲ್ಲ. ಇನ್ನೂ ಸ್ವಲ್ಪ ದಿನ ನೋಡಿ, ಇಲ್ಲಾಂದ್ರೆ ಬಿಟ್ಬಿಡಿ.”

ಬಿಟ್ಟುಬಿಡಿ ಎಂದಾಗ ಮಗಳು ಮಗುವಿನ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಜಡೆ ಸರಿಯಾಗಿಯೇ ಇತ್ತು. ನನಗೆ ಒಂಬತ್ತು ಎಂಬ ಅಂಕಿ ಹಿಡಿಸಲಿಲ್ಲ. ಶಾಲೆಗೆ ಹೋಗುವ, ಕನ್ನಡಕವನ್ನೇ ಕಿತ್ತೆಸೆಯುವ ಮಗು ಒಂಬತ್ತು ಗಂಟೆ ಆ ಪಟ್ಟಿಯನ್ನು ತಡೆದುಕೊಂಡಿತೆ? ಮಗಳು ಸುಳ್ಳು ಹೇಳುವವಳಲ್ಲ. ಎರಡು ದಿನ ಬಿಟ್ಟು, ಹೇಳದೆ ಕೇಳದೆ, ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೋದೆ.

ಬೀಗರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಯಲ್ಲಿದ್ದರು. ನಡುಮನೆಯಲ್ಲಿ ಮಗು ಚಾಪೆಯ ಮೇಲೆ ಇನ್ನೂ ಮಲಗಿತ್ತು. ಬಲಗಣ್ಣಿಗೆ ಪಟ್ಟಿ ಅಂಟಿಕೊಂಡಿತ್ತು. ಮಗಳು ಪಕ್ಕದಲ್ಲಿ ಕುಳಿತು, “ಏಳೇ ಪುಟ್ಟಿ, ಬೆಳಗಾಯ್ತು. ಕಟ್ಟು ಬಿಚ್ತೀನಿ” ಎನ್ನುತ್ತ ಪಟ್ಟಿಯನ್ನು ಮೆಲ್ಲಗೆ ಬಿಡಿಸುತ್ತಿದ್ದಳು.

“ಇದನ್ನ ಯಾವಾಗ ಹಾಕಿದ್ದು?”

“ಮಲಗೋವಾಗ ಅಪ್ಪ. ದಿನಾ ಹಂಗೇ.”

“ಹಗಲು?”

“ಹಗಲು ಒಳ್ಳೆ ಕಣ್ಣು ಮುಚ್ಚಿದ್ರೆ ಅವ್ಳು ಯಾವುದ್ರಲ್ಲಿ ನೋಡ್ತಾಳೆ?” ಎಂದು ನನ್ನನ್ನೇ ಕೇಳಿದಳು. “ಕಣ್ಣಿಗೆ ಕಟ್ಟೋದು ಯಾವಾಗ್ಲೂ ಮಲಗೋವಾಗ್ಲೇ ಅಲ್ವಾ? ನಂಗೆ ಅಮ್ಮ ಹಂಗೇ ತಾನೆ ಕಟ್ತಿದ್ದಿದ್ದು?”

ಬೇರೆ ಕಡೆಯ ಓದುಗರಿಗೆ ಇದು ದಡ್ಡತನವಾಗಿ ಕಾಣಬಹುದು. ನಮ್ಮ ಸೀಮೆಯಲ್ಲಿ ಹುಟ್ಟಿದವರು ನಗಲಾರರು. ಕಣ್ಣು ಉರಿದರೆ ನಂದಿಬಟ್ಟಲ ಹೂವನ್ನು ರೆಪ್ಪೆಯ ಮೇಲಿಟ್ಟು ಬಟ್ಟೆ ಕಟ್ಟಿ ಮಲಗಿಸುತ್ತಾರೆ. ಕೆಂಪಾದರೆ ಹರಳೆಣ್ಣೆಯಲ್ಲಿ ಅದ್ದಿದ ಹತ್ತಿ, ಅದೂ ಮಲಗುವಾಗ. ನನ್ನ ತಾಯಿ ನನಗೆ ಕಟ್ಟಿದ್ದಳು, ನನ್ನ ಹೆಂಡತಿ ನನ್ನ ಮಗಳಿಗೆ ಕಟ್ಟಿದ್ದಳು. ಕಟ್ಟು ಎಂದರೆ ಔಷಧ. ಔಷಧ ಇಳಿಯುವುದು ನಿದ್ದೆಯಲ್ಲಿ. ಡಾಕ್ಟರು ಆರು ಗಂಟೆ ಎಂದರು. ಐದೂವರೆ ವರ್ಷದ ಮಗು ಮಲಗಿ ಏಳಲು ಒಂಬತ್ತು ಗಂಟೆ. ಔಷಧ ಹೆಚ್ಚಾದರೆ ಒಳ್ಳೆಯದೇ ಎಂದು ಮಗಳು ಲೆಕ್ಕ ಹಾಕಿದ್ದಳು. ಒಳ್ಳೆಯ ಕಣ್ಣಿಗೆ ವಿಶ್ರಾಂತಿ ಸಿಕ್ಕರೆ ಅದರ ಶಕ್ತಿ ಪಕ್ಕದ್ದಕ್ಕೆ ಹರಿಯುತ್ತದೆ ಎಂಬುದು ಅವಳ ನಂಬಿಕೆ. ಮೂರು ತಿಂಗಳು ಒಂದು ದಿನವೂ ತಪ್ಪದೆ, ಮಗು ಎರಡೂ ಕಣ್ಣು ಮುಚ್ಚಿ ಮಲಗಿದ್ದಾಗ, ಅವುಗಳಲ್ಲಿ ಒಂದನ್ನು ಮತ್ತೊಮ್ಮೆ ಮುಚ್ಚಿಟ್ಟಿದ್ದಳು.

ನಾನು ಜೋರಾಗಿ ಮಾತಾಡಿದೆನೆಂದು ಕಾಣುತ್ತದೆ. ಬೀಗಿತ್ತಿ ಅಡುಗೆಮನೆಯಿಂದ ಬಂದರು.

“ಏನಂತೆ?”

“ಎಚ್ಚರವಾಗಿರೋವಾಗ ಕಟ್ಟಬೇಕು. ಎಡಗಣ್ಣಿಗೆ ಕೆಲಸ ಬರ್ಬೇಕು, ಅದಕ್ಕೆ.”

“ಹಗಲೊತ್ತು ಕಟ್ಕೊಂಡು ಬೀದೀಲಿ ಓಡಾಡಿದ್ರೆ ಒಕ್ಕಣ್ಣಿ ಅಂತಾರೆ. ಹೆಣ್ಣುಮಗು. ನಾಳೆ ಬಂದು ಕೇಳೋರು ಯಾರು, ನೀವಾ?”

“ನಿಜವಾಗ್ಲೂ ಒಂದು ಕಣ್ಣು ಹೋದ್ಮೇಲೆ ಬಂದು ಕೇಳ್ತಾರಾ?”

“ಸೋಮಾರಿ ಕಣ್ಣು ಅಂತ ನಿಮ್ಮ ಡಾಕ್ಟ್ರೇ ಹೇಳವ್ರಂತೆ. ಸೋಮಾರಿಗೆ ಎರಡು ಬಿಟ್ರೆ ತಾನಾಗೇ ಸರಿಹೋಗ್ತದೆ ಬುಡಿ. ನಮ್ಮನೇಲಿ ಯಾರಿಗೂ ಅಂಥ ಕಣ್ಣಿಲ್ಲ. ನಿಮ್ ಕಡೇದೇ ಬಂದಿರೋದು.”

ಆಗ ಗೊತ್ತಾಯಿತು, ಮಗು ಆ ಮನೆಯಲ್ಲಿ ಏನು ಕೇಳಿಸಿಕೊಂಡು ಬೆಳೆಯುತ್ತಿತ್ತೆಂದು. ಲೋಟ ಎಡವಿದರೆ ಸೋಮಾರಿ. ಸೂಜಿಗೆ ದಾರ ಪೋಣಿಸದಿದ್ದರೆ ಸೋಮಾರಿ. ಮಗುವನ್ನು ಗುಬ್ಬಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಳಿಯ ಅಂಗಡಿಗೆ ಹೊರಟವರು ಬಾಗಿಲಲ್ಲೇ ನಿಂತು, “ಬೇಸಿಗೆ ರಜ ಇದೆ. ಕರ್ಕೊಂಡ್ಹೋಗ್ಲಿ ಬಿಡಮ್ಮ. ನಮ್ ಬೀದೀಲಿ ಬೇಡ ಅಷ್ಟೆ” ಎಂದರು. ಬೀಗರು ಪೂಜೆ ಮುಗಿಸುವಷ್ಟರಲ್ಲಿ ನಾನು ಮಗುವಿನ ಬಟ್ಟೆಯ ಚೀಲ ಹಿಡಿದು ಹೊಸ್ತಿಲು ದಾಟಿದ್ದೆ.

ಗುಬ್ಬಿಯಲ್ಲಿ ನಲವತ್ತು ದಿನ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಬಲಗಣ್ಣಿಗೆ ಪಟ್ಟಿ. ಅದನ್ನು ಹೇಗೆ ನಡೆಸಿದೆ ಎಂಬುದನ್ನು ಬಣ್ಣ ಹಚ್ಚದೆ ಹೇಳಬೇಕು. ಮಗು ಕಂಬಕ್ಕೆ ಡಿಕ್ಕಿ ಹೊಡೆಯಿತು. ಅತ್ತಿತು. ಪಟ್ಟಿಯನ್ನು ಕಿತ್ತಿತು. ನಾನು ಇನ್ನೊಂದು ಹಚ್ಚಿದೆ. ಮತ್ತೆ ಕಿತ್ತಿತು. ನಾನು ಮತ್ತೊಂದನ್ನು ಹಚ್ಚಿ ಅದರ ಮೇಲೆ ಪಂಚೆಯ ಅಂಚು ಹರಿದು ಬಿಗಿದೆ.

ಪಕ್ಕದ ಮನೆಯವನೊಬ್ಬ ಕಾಂಪೌಂಡಿನ ಮೇಲಿಂದ, “ಏನ್ ಸಾರ್, ಮೊಮ್ಮಗಳ ಜೊತೆ ಕಣ್ಣಾಮುಚ್ಚಾಲೆನಾ? ಹುಡುಕೋರೇ ಇಲ್ವಲ್ಲ!” ಎಂದ. ನನ್ನ ಹೆಂಡತಿ ಅಷ್ಟಕ್ಕೆ ನಿಲ್ಲಲಿಲ್ಲ.

“ಕೈಗೆ ಸಿಕ್ಕಿದ್ನೆಲ್ಲ ಸಾಣೆ ಹಿಡೀಲೇಬೇಕು ಅಲ್ವಾ ನಿಮ್ಗೆ? ಅದು ಮಗು ಕಣ್ರೀ. ಕಬ್ಬಿಣ ಅಲ್ಲ.”

“ಕಬ್ಬಿಣ ಆಗಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ.”

ಕೆಲಸವಿಲ್ಲದೆ ಕಣ್ಣು ಕಟ್ಟಿ ಪ್ರಯೋಜನವಿಲ್ಲವೆಂದು ಕೆಲಸ ಕೊಟ್ಟೆ. ನನ್ನ ಬಳಿ ಹಳೆಯದೊಂದು ಡ್ರಿಲ್ ಗೇಜು ಇತ್ತು. ಅಂಗೈಯಗಲದ ಉಕ್ಕಿನ ತಗಡು. ಸಾಲಾಗಿ ತೂತುಗಳು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡದು. ಹಳೆಯ ಡ್ರಿಲ್ಲುಗಳನ್ನು ಕೊಟ್ಟು, ಯಾವುದು ಯಾವ ತೂತಿಗೆ ಸರಿ ಎಂದು ಹುಡುಕಿಸಿದೆ. ಎರಡೇ ದಿನಕ್ಕೆ ಎಲ್ಲವನ್ನೂ ಸರಿಯಾಗಿ ಹಾಕಿದಳು. ಹಿಗ್ಗಿದೆ. ಆಮೇಲೆ ಗಮನಿಸಿ ನೋಡಿದರೆ, ಹುಡುಗಿ ತೆರೆದಿದ್ದ ಎಡಗಣ್ಣನ್ನೂ ಮುಚ್ಚಿಕೊಂಡು ಬೆರಳ ತುದಿಯಲ್ಲಿ ಅಳೆಯುತ್ತಿದ್ದಳು. ಆಗ ಒಂದು ತಟ್ಟೆಯಲ್ಲಿ ರಾಗಿ ಸಾಸಿವೆ ಬೆರೆಸಿ ಬೇರೆ ಮಾಡೆಂದೆ. ಬೆರಳಿಗೆ ಎರಡೂ ಒಂದೇ. ಕಣ್ಣಿಗೆ ಮಾತ್ರ ಬೇರೆ. ಮೂರನೆಯ ದಿನ ತಟ್ಟೆಯನ್ನು ನನ್ನ ಮುಖಕ್ಕೆ ಎಸೆದಳು.

“ನಂಗೆ ನೀನ್ ಬೇಡ ಹೋಗು! ನೀನ್ ಕೆಟ್ಟ ತಾತ! ನೀನು ಸಾಯಿ!”

ನಾನು ಹೊಡೆದೆ. ಕೆನ್ನೆಗೆ, ಪಟ್ಟಿ ಇದ್ದ ಕಡೆ. ಕೈ ಬರುವುದು ಅವಳಿಗೆ ಕಾಣುವಂತಿರಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ನೆಲದ ಮೇಲೆ ಕುಳಿತು ರಾಗಿ ಸಾಸಿವೆ ಆರಿಸಿದೆ. ನನ್ನ ಮುದುಕರ ಕಣ್ಣಿಗೆ ಅದು ಸಾಧ್ಯವಾಗಲಿಲ್ಲ. ಮರುದಿನ ಏಳು ಗಂಟೆಗೆ ಮತ್ತೆ ಪಟ್ಟಿ ಹಚ್ಚಿದೆ. ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಆ ದಿನದಿಂದ ಎಲ್ಲವನ್ನೂ ಅಜ್ಜಿಯ ಮೂಲಕವೇ ಹೇಳುತ್ತಿದ್ದಳು. “ಅಜ್ಜಿ, ನೀರು ಬೇಕು ಅನ್ನು ಅವ್ರಿಗೆ.” ಐದೂವರೆ ವರ್ಷದ ಬಾಯಿಗೆ ಬಹುವಚನ ಹೇಗೆ ಸಿಕ್ಕಿತೋ, ಸಿಕ್ಕಿತು.

ಮೇ ಕೊನೆಯ ಹೊತ್ತಿಗೆ ಒಂದು ಬೆಳಗ್ಗೆ ಜಗಲಿಯಲ್ಲಿ ಕುಳಿತು, ಪಟ್ಟಿ ಇದ್ದಂತೆಯೇ, “ಅಜ್ಜಿ, ಆ ಕಾಗೆ ಬಾಯಲ್ಲಿ ಬಿಳೀದು ಏನೋ ಇದೆ” ಎಂದಳು. ಕಾಗೆ ಬೀದಿಯಾಚೆಯ ತೆಂಗಿನ ಗರಿಯ ಮೇಲಿತ್ತು. ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಚಲಿಲ್ಲ. ಮಡಚಿದರೆ ಅವಳು ನೋಡುವುದನ್ನು ನಿಲ್ಲಿಸುತ್ತಾಳೆ ಎಂಬ ಹೆದರಿಕೆ.

ಜೂನ್‌ನಲ್ಲಿ ಮಗಳನ್ನೂ ಕರೆಸಿಕೊಂಡು ಡಾಕ್ಟರ ಬಳಿ ಹೋದೆವು. ಎಡಗಣ್ಣು ಮೂರನೆಯ ಸಾಲನ್ನು ಪೂರ್ತಿ ತೋರಿಸಿತು, ನಾಲ್ಕನೆಯದರಲ್ಲಿ ಎರಡು.

“ನೋಡಿ, ಕಟ್ಟಿದ್ರೆ ಆಗತ್ತೆ” ಎಂದರು ಡಾಕ್ಟರು, ಮಹಾ ಉಪದೇಶದಂತೆ.

“ಎಚ್ಚರವಾಗಿರೋವಾಗ ಕಟ್ಟಿ ಅಂತ ನೀವು ಹೇಳ್ಲಿಲ್ಲ.”

“ನಿದ್ದೇಲಿ ಯಾರ್ರೀ ಕಟ್ತಾರೆ?”

“ಕಟ್ಟಿದ್ರು. ಮೂರು ತಿಂಗಳು. ಒಂಬತ್ತು ಗಂಟೆ ಅಂದಾಗ ನೀವು ಯಾವ ಒಂಬತ್ತು ಗಂಟೆ ಅಂತ ಕೇಳ್ಲಿಲ್ಲ. ಬಿಟ್ಬಿಡಿ ಅಂದ್ರಿ.”

ಅವರು ಮಗಳ ಕಡೆ ನೋಡಿ ನಕ್ಕುಬಿಟ್ಟರು. ಬಾಗಿಲಲ್ಲಿದ್ದವನೂ ನಕ್ಕ. ಮಗಳು ತಲೆ ತಗ್ಗಿಸಿ ಚೀಟಿಯನ್ನು ಮಡಚಿ, ಮತ್ತೆ ಮಡಚಿ, ಇನ್ನು ಮಡಚಲಾಗದಷ್ಟು ಚಿಕ್ಕದು ಮಾಡಿದಳು. ಆ ನಗುವನ್ನು ನಾನು ಕ್ಷಮಿಸಿಲ್ಲ. ಒಂದು ಪದವನ್ನು ಚೀಟಿಯಲ್ಲಿ ಬರೆದು, ಅದು ಏನು ಹೇಳುತ್ತದೆಂದು ಹೇಳದೆ, ತಿಳಿಯದವರನ್ನು ನೋಡಿ ನಗುವುದು ವಿದ್ಯೆಯಲ್ಲ.

ಆದರೆ ನಾನೇನು ಹೇಳಿದ್ದೆ? ಕಣ್ಣಿಗೆ ರೋಗವಿಲ್ಲ, ಕೆಲಸವಿಲ್ಲ; ಕೆಲಸ ಕೊಡಿ ಎಂಬ ಮಾತು ಫೆಬ್ರವರಿಯಿಂದ ನನ್ನ ಜೇಬಿನ ಹಾಳೆಯಲ್ಲಿತ್ತು. ಅದನ್ನು ತುಮಕೂರಿನಲ್ಲಿ ಮೂರು ಭಾನುವಾರ ಓದಿದೆ. ಕುಣಿಗಲ್ಲಿನಲ್ಲಿ ಒಂದು ಸಲವೂ ಓದಲಿಲ್ಲ. ಭಾವನವರು ತಪ್ಪು ಹೇಳಿದರು. ಬಾಗಿಲು ಕಾಯುವವನು ತಪ್ಪು ಹೇಳಿದ. ಡಾಕ್ಟರು ಅರ್ಧ ಹೇಳಿದರು. ಸರಿಯಾದದ್ದು ಗೊತ್ತಿದ್ದವನು ಅದನ್ನು ಜಗಳಕ್ಕೆ ಬಳಸಿದ. ನಾಲ್ವರಲ್ಲಿ ಯಾರ ಮೇಲೆ ನನಗೆ ಹೆಚ್ಚು ಸಿಟ್ಟಿರಬೇಕೆಂದು ಓದುಗರೇ ಹೇಳಬಹುದು.

ಮುಂದಿನದನ್ನು ನಾನು ನಡೆಸಲಿಲ್ಲ, ಮಗಳೇ ನಡೆಸಿದಳು. ಶಾಲೆ ಬಿಟ್ಟ ಮೇಲೆ, ಬೀದಿಯ ಬಾಗಿಲು ಹಾಕಿಕೊಂಡು, ಅತ್ತೆಯ ಬೈಗುಳ ಕೇಳಿಸಿಕೊಳ್ಳುತ್ತ, ದಿನಕ್ಕೆ ಮೂರು ಗಂಟೆ. ಬೀಗಿತ್ತಿ ಕೈಗೆ ಸಿಕ್ಕ ಪಟ್ಟಿಗಳನ್ನು ಒಲೆಗೆ ಹಾಕುತ್ತಿದ್ದರಂತೆ. ಮಗಳು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟು ತೆಗೆಯುತ್ತಿದ್ದಳು. ಹುಡುಗಿಗೆ ಎಂಟು ತುಂಬಿದಾಗ ಡಾಕ್ಟರು ಇನ್ನು ಸಾಕೆಂದರು. ಎಷ್ಟು ಸಾಲು ಬಂತೆಂದು ನನಗೆ ಯಾರೂ ಹೇಳಲಿಲ್ಲ. ಕೇಳಿದಾಗ ಮಗಳು, “ಪರ್ವಾಗಿಲ್ಲ ಅಪ್ಪ” ಎಂದಳು. ಪರವಾಗಿಲ್ಲ ಎನ್ನುವುದು ಅಳತೆಯಲ್ಲ.

ಹುಡುಗಿ ರಜೆಗೆ ಗುಬ್ಬಿಗೆ ಬರುವುದನ್ನು ಬಿಟ್ಟಳು. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಕಾಲು ಮುಟ್ಟಿ ನಮಸ್ಕರಿಸಿ, ಮುಖ ನೋಡದೆ ಎದ್ದು ಹೋಗುತ್ತಿದ್ದಳು. ಅವಳ ಪ್ರಕಾರ ನಾನು ಕಣ್ಣು ಕಟ್ಟಿ ಕತ್ತಲಲ್ಲಿ ಕೂರಿಸಿದವನು, ಕಾಣದ ಕಡೆಯಿಂದ ಹೊಡೆದವನು. ಅದು ಸುಳ್ಳಲ್ಲ. ಎಲ್ಲರ ಹೇಳಿಕೆಗಳನ್ನೂ ಅನುಮಾನಿಸುವ ನಾನು ಅವಳ ಹೇಳಿಕೆಯಲ್ಲಿ ಒಂದು ಅಕ್ಷರವನ್ನೂ ತಿದ್ದಲಾರೆ.

ಅವಳಿಗೆ ಹದಿನೆಂಟಾದ ವರ್ಷ, ಪಿಯುಸಿ ಮುಗಿಸಿ ತುಮಕೂರಿನ ಕಾಲೇಜಿಗೆ ಸೇರಿದ ಮೇಲೆ, ಸ್ಕೂಟರ್ ಓಡಿಸುವ ಲೈಸೆನ್ಸಿಗೆಂದು ಕಣ್ಣಿನ ಪರೀಕ್ಷೆ ಮಾಡಿಸಿಕೊಂಡಳು. ಅಂದು ಸಂಜೆ ಫೋನ್ ಬಂತು. ಹೆಂಡತಿ ಎತ್ತಿಕೊಂಡಳು. ನಾನು ಎರಡು ಮಾರು ದೂರದಲ್ಲಿ ಕುಳಿತಿದ್ದೆ. ಹುಡುಗಿಯ ದನಿ ದೊಡ್ಡದು. ಫೋನಿನ ಹೊರಗೂ ಕೇಳಿಸುತ್ತಿತ್ತು.

“ಅಜ್ಜಿ, ಎಡಗಣ್ಣಲ್ಲಿ ಐದು ಸಾಲು ಓದಿದೆ ಅಂತ ಹೇಳು ಅವ್ರಿಗೆ.”

ಹೆಂಡತಿ ನನ್ನ ಕಡೆ ತಿರುಗಿ, “ಐದಂತೆ” ಎಂದಳು.

ಐದು. ಎರಡು ಸಾಲು ಉಳಿದಿತ್ತು. ಆ ಮೂರು ತಿಂಗಳು ಹಗಲಿನಲ್ಲಿ ಕಟ್ಟಿದ್ದರೆ ಬರುತ್ತಿತ್ತೋ ಏನೋ; ಅದನ್ನು ಯಾರೂ ಹೇಳಲಾರರು, ಹೇಳಿದರೂ ನಾನು ನಂಬುವುದಿಲ್ಲ. ಸುಮ್ಮನಿರಬೇಕಾಗಿತ್ತು. ಸುಮ್ಮನಿರಲು ನನಗೆ ಬರುವುದಿಲ್ಲ.

“ಆರನೇದ್ರಲ್ಲಿ ಒಂದಾದ್ರೂ ಅಕ್ಷರ ಬಂತಾ ಕೇಳು” ಎಂದೆ.

ಕೇಳುವ ಅಗತ್ಯವಿರಲಿಲ್ಲ. ನನ್ನ ದನಿಯೂ ದೊಡ್ಡದೇ. ಆಮೇಲೆ ಹುಡುಗಿ, ಹನ್ನೆರಡು ವರ್ಷಗಳಲ್ಲಿ ಮೊದಲ ಸಲ, ಅಜ್ಜಿಯನ್ನು ಬಿಟ್ಟು ನೇರವಾಗಿ ನನಗೇ ಹೇಳಿದಳು:

“ಆರನೇದು ನೀವೇ ಹೋಗಿ ಓದ್ಕೊಳ್ಳಿ ತಾತ.”

ಫೋನ್ ಇಟ್ಟಳು.